ವೇಷಕ್ಕೆ ಕಟ್ಟುವ ಬೆಲೆ

ವೇಷಭೂಷಣ ತಯಾರಿಕೆ ಹೊಲಿಗೆ, ಮರಗೆಲಸ, ಬಣ್ಣಗಾರಿಕೆ, ಆಭರಣದ ಕುಸುರಿ ಎಲ್ಲವೂ ಕೂಡಿದ ಕೆಲಸ. ಕೆಲವರು ಇದನ್ನು ವರ್ಷಗಟ್ಟಲೆ ಬಿಡುವಿನ ವೇಳೆಯಲ್ಲಿ, ಸ್ವಂತ ಸಂತೋಷಕ್ಕಾಗಿ ಮಾಡಿಕೊಂಡು ಬಂದಿರುತ್ತಾರೆ. ನಲವತ್ತೈದೋ ಐವತ್ತೋ ತುಂಬಿದಾಗ ಇದ್ದ ನೌಕರಿ ಬಿಟ್ಟು ಅದನ್ನೇ ಜೀವನೋಪಾಯ ಮಾಡಿಕೊಂಡರೆ ಎರಡು ಬಗೆಯ ಪ್ರಶ್ನೆಗಳು ಏಳುತ್ತವೆ. ಗಿರಾಕಿ ಸಿಗುತ್ತಾರೆಯೇ, ಮನೆ ನಡೆಯುತ್ತದೆಯೇ ಎಂಬುದು ವ್ಯವಹಾರದ ಪ್ರಶ್ನೆ. ಪ್ರೀತಿಯಿಂದ ಮಾಡುತ್ತಿದ್ದುದಕ್ಕೆ ಹಣ ಪಡೆದರೆ ಅದರ ಸ್ವರೂಪ ಕೆಡುತ್ತದೆಯೇ, ಅರ್ಧ ಆಯುಷ್ಯ ಕಳೆದ ಮೇಲೆ ಕಸುಬು ಬದಲಿಸುವ ಹಕ್ಕು ಮನುಷ್ಯನಿಗೆ ಎಷ್ಟರ ಮಟ್ಟಿಗಿದೆ, ಮಾಡಿದ್ದಕ್ಕೆ ನ್ಯಾಯವಾದ ಬೆಲೆ ಯಾವುದು ಎಂಬವು ಧರ್ಮದ ಪ್ರಶ್ನೆಗಳು. ಮೊದಲನೆಯದಕ್ಕೆ ಲೆಕ್ಕದ ಪುಸ್ತಕ ಉತ್ತರ ಕೊಡುತ್ತದೆ. ಎರಡನೆಯ ಬಗೆಯ ಪ್ರಶ್ನೆಗಳನ್ನು ಗ್ರೀಕ್ ಚಿಂತನೆ, ಭಗವದ್ಗೀತೆ, ಹನ್ನೆರಡನೆಯ ಶತಮಾನದ ಶರಣರ ಕಾಯಕ ವಿಚಾರ ಮೂರೂ ತಮ್ಮ ತಮ್ಮ ರೀತಿಯಲ್ಲಿ ಎದುರಿಸಿವೆ.

ವೇಷದ ಕೆಲಸದ ಸ್ವರೂಪ

ವೇಷ ಕಟ್ಟುವುದು ಉಳಿದ ಕರಕುಶಲಗಳಿಗಿಂತ ಒಂದು ವಿಷಯದಲ್ಲಿ ಭಿನ್ನ. ಕುಂಬಾರ ಮಾಡಿದ ಮಡಕೆ, ಬಡಗಿ ಮಾಡಿದ ಪೆಟ್ಟಿಗೆ ತಾವಾಗಿಯೇ ಪೂರ್ಣ ವಸ್ತುಗಳು. ವೇಷ ಹಾಗಲ್ಲ, ಇನ್ನೊಬ್ಬರ ಮೈ ಏರಿದಾಗಲೇ ಅದು ಪೂರ್ಣವಾಗುತ್ತದೆ. ಆ ಮೈಯೂ ಆಗ ತಾನಾಗಿ ಉಳಿಯದೆ ರಾವಣನೋ ಸುಧನ್ವನೋ ದೇವಿಯೋ ಆಗಿರುತ್ತದೆ. ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿ ವೇಷಭೂಷಣವನ್ನು ಆಹಾರ್ಯದಲ್ಲಿ ಸೇರಿಸುತ್ತದೆ. ನೇಪಥ್ಯದ ಕೆಲಸವನ್ನು ಮತ್ತೆ ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕು ಬಗೆ ಮಾಡುತ್ತದೆ. ಬಿದಿರು, ಬಟ್ಟೆ, ತೊಗಲುಗಳಿಂದ ಕಟ್ಟಿದ ಆಕೃತಿಗಳು ಪುಸ್ತ. ಮಾಲೆ, ಆಭರಣ, ಉಡುಪು ಅಲಂಕಾರ. ಮೈಗೆ ಹಚ್ಚುವ ಬಣ್ಣ ಅಂಗರಚನೆ. ರಂಗದ ಮೇಲೆ ಬರುವ ಪ್ರಾಣಿಗಳು ಸಂಜೀವ. ನಾಟಕ ಮಂಡಳಿಯಲ್ಲಿ ಇರಬೇಕಾದವರ ಪಟ್ಟಿಯಲ್ಲಿ ನಟರ ಜೊತೆಗೆ ಕಿರೀಟ ಮಾಡುವವನು, ಆಭರಣ ಮಾಡುವವನು, ಮಾಲೆ ಕಟ್ಟುವವನು, ವೇಷ ಕಟ್ಟುವವನು, ಬಟ್ಟೆ ಮಡಿ ಮಾಡುವವನು ಇವರಿಗೂ ಆ ಗ್ರಂಥ ಜಾಗ ಕೊಟ್ಟಿದೆ. ವೇಷ ಕಟ್ಟುವವನನ್ನು ಅದು ನಾಟ್ಯದ ಒಳಗಿನವನೆಂದೇ ಎಣಿಸಿತು.

ಕರ್ನಾಟಕದಲ್ಲಿ ಈ ಕೆಲಸದ ವಿಸ್ತಾರ ಕಾಣಬೇಕಾದರೆ ಯಕ್ಷಗಾನದ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋಗಬೇಕು. ಬಡಗುತಿಟ್ಟಿನ ಒಂದು ಪುರುಷವೇಷಕ್ಕೆ ದಗಲೆ, ಕಸೆ ಸೀರೆ, ಎದೆಕಟ್ಟು, ಭುಜಕೀರ್ತಿ, ಕರ್ಣಪತ್ರ, ವೀರಕಸೆ, ಡಾಬು, ಗೆಜ್ಜೆ ಬೇಕು. ತಲೆಗೆ ಪಾತ್ರಕ್ಕೆ ತಕ್ಕಂತೆ ಕೇದಗೆ ಮುಂದಲೆ, ಮುಂಡಾಸು ಅಥವಾ ಕಿರೀಟ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಕೇಸರಿತಟ್ಟಿ ಎಂಬ ದೊಡ್ಡ ಕಿರೀಟದ ಭಾರ ಬೇರೆ. ಹಗುರ ಮರವನ್ನು ಕೆತ್ತಿ, ಅದರ ಮೇಲೆ ಬೇಗಡೆ ಹೊದಿಸಿ, ಕನ್ನಡಿಯ ಚೂರು ಕೂರಿಸಿ ಮಾಡುವ ಈ ಸಾಮಗ್ರಿ ರಾತ್ರಿಯಿಡೀ ಕುಣಿಯುವ ಮೈಯಲ್ಲಿ ಬೆವರಿಗೆ ನೆನೆಯಬೇಕು, ಬಿಗಿದ ಹಗ್ಗಕ್ಕೆ ತಡೆಯಬೇಕು, ಪೆಟ್ಟಿಗೆಯಲ್ಲಿ ಊರಿಂದೂರಿಗೆ ಸಾಗಬೇಕು. ವೃತ್ತಿಮೇಳಗಳ ತಿರುಗಾಟ ಸುಮಾರಾಗಿ ನವೆಂಬರ್‌ನಿಂದ ಮೇ ತನಕ; ಮಳೆಗಾಲ ರಿಪೇರಿಯ ಕಾಲ. ಇದರ ಸುತ್ತ ಹವ್ಯಾಸಿ ತಂಡಗಳು, ಶಾಲಾ ವಾರ್ಷಿಕೋತ್ಸವಗಳು, ಕೃಷ್ಣಾಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆಗಳು, ಭರತನಾಟ್ಯದ ರಂಗಪ್ರವೇಶಗಳು ಸೇರಿ ವೇಷಭೂಷಣವನ್ನು ಹೊಲಿದುಕೊಡುವ, ಬಾಡಿಗೆಗೆ ಕೊಡುವ ಒಂದು ಕಸುಬನ್ನೇ ಬೆಳೆಸಿವೆ.

ಈ ಕಸುಬಿಗೆ ಹವ್ಯಾಸದ ದಾರಿಯಿಂದ ಬಂದವರು ಎಲ್ಲ ದೇಶಗಳಲ್ಲೂ ಇದ್ದಾರೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಮರ್ಟಲ್ ಡಗ್ಲಾಸ್ ಎಂಬಾಕೆ ತನಗೂ ತನ್ನ ಗೆಳೆಯ ಫಾರೆಸ್ಟ್ ಆಕರ್‌ಮನ್‌ಗೂ ಭವಿಷ್ಯಕಾಲದ ಉಡುಪು ಹೊಲಿದುಕೊಂಡು ಹೋದಳು. ಇಂದು ಕಾಸ್‌ಪ್ಲೇ ಎನಿಸಿಕೊಂಡು ಜಪಾನ್, ಅಮೆರಿಕಗಳಲ್ಲಿ ದೊಡ್ಡದಾಗಿ ಬೆಳೆದಿರುವ, ಬೆಂಗಳೂರಿನ ಕಾಮಿಕ್ ಕಾನ್‌ವರೆಗೂ ಬಂದಿರುವ ಹವ್ಯಾಸದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಈ ಆರಂಭದಲ್ಲಿ ಗಮನಿಸಬೇಕಾದ ಅಂಶವಿದೆ: ಹವ್ಯಾಸಿ ಸಾಮಾನ್ಯವಾಗಿ ತನ್ನ ಮೈಗೆ, ಹೆಚ್ಚೆಂದರೆ ತನ್ನ ಮಗುವಿಗೆ ಅಥವಾ ಗೆಳೆಯನಿಗೆ ವೇಷ ಮಾಡುತ್ತಾನೆ. ವೃತ್ತಿ ಶುರುವಾಗುವುದು ಅಪರಿಚಿತರ ಅಳತೆ ತೆಗೆದುಕೊಂಡಾಗ. ಹಣದ ಪ್ರಶ್ನೆಗೆ ಮೊದಲೇ ಈ ಬದಲಾವಣೆ ಆಗಿಹೋಗಿರುತ್ತದೆ.

ಹಣ ಪ್ರೀತಿಯನ್ನು ಕೆಡಿಸುತ್ತದೆಯೇ

ಕೂಲಿಯ ಕೆಲಸದ ಬಗ್ಗೆ ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಹಳೆಯ ಅನುಮಾನವೊಂದಿದೆ. ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದ ಎಂಟನೆಯ ಭಾಗದಲ್ಲಿ ಸಂಬಳಕ್ಕಾಗಿ ಮಾಡುವ ಕೆಲಸ ಮನಸ್ಸಿನ ಬಿಡುವನ್ನು ಕಿತ್ತುಕೊಂಡು ಅದನ್ನು ಕುಗ್ಗಿಸುತ್ತದೆ ಎನ್ನುತ್ತಾನೆ. ಸಂಗೀತ ಕಲಿಯಬೇಕು, ಆದರೆ ಕೇಳುಗರನ್ನು ರಂಜಿಸಿ ಹಣ ಗಳಿಸುವಷ್ಟು ನೈಪುಣ್ಯ ಸ್ವತಂತ್ರ ನಾಗರಿಕನಿಗೆ ಬೇಡ ಎಂಬುದು ಅವನ ನಿಲುವು. ಅದೇ ಚರ್ಚೆಯಲ್ಲಿ ಅವನು ಇನ್ನೊಂದು ಸೂಕ್ಷ್ಮ ಮಾತನ್ನೂ ಸೇರಿಸುತ್ತಾನೆ. ಒಂದೇ ಕೆಲಸವನ್ನು ತನಗಾಗಿ ಅಥವಾ ಸ್ನೇಹಿತರಿಗಾಗಿ ಮಾಡಿದರೆ ಅದರಲ್ಲಿ ಹೀನತೆಯಿಲ್ಲ. ಪರರಿಗಾಗಿ ಮಾಡಿದರೆ ಅದು ಆಳಿನ ಕೆಲಸದಂತೆ ಕಾಣುತ್ತದೆ. ಹಾಗಾದರೆ ಅರಿಸ್ಟಾಟಲನ ಆಕ್ಷೇಪ ನಾಣ್ಯದ ಮೇಲಷ್ಟೇ ಇಲ್ಲ, ಇನ್ನೊಬ್ಬರ ಇಚ್ಛೆಗೆ ಒಳಗಾಗುವುದರ ಮೇಲೆ ಇದೆ. ದುಡಿಮೆಯನ್ನು ಗುಲಾಮರಿಗೂ ಕೂಲಿಗಳಿಗೂ ಬಿಟ್ಟು, ಬಿಡುವನ್ನು ತನ್ನ ಪಾಲಿಗೆ ಇಟ್ಟುಕೊಂಡ ಸಮಾಜದ ನೋಟ ಅದು.

ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಪ್ರಕಟವಾದ ತನ್ನ ಮೂರನೆಯ ವಿಮರ್ಶಾಗ್ರಂಥದಲ್ಲಿ ಕಲೆಯನ್ನೂ ಕೈಕಸುಬನ್ನೂ ಬೇರ್ಪಡಿಸುತ್ತಾನೆ. ಕಲೆ ಆಟದ ಹಾಗೆ ತಾನಾಗಿಯೇ ಹಿತ. ಕಸುಬು ತನ್ನಷ್ಟಕ್ಕೆ ಕಷ್ಟ, ಅದರಿಂದ ಸಿಗುವ ಕೂಲಿಯಿಂದ ಮಾತ್ರ ಆಕರ್ಷಕ. ಈ ವಿಭಜನೆಯಂತೆ ನೋಡಿದರೆ ಭಾನುವಾರ ಸಂತೋಷಕ್ಕಾಗಿ ಕಿರೀಟಕ್ಕೆ ಕನ್ನಡಿ ಕೂರಿಸುವವರು ಕಲಾವಿದರು. ಸೋಮವಾರ ಅದೇ ಕಿರೀಟವನ್ನು ಆರ್ಡರ್ ಪ್ರಕಾರ ಮಾಡಿದರೆ ಕಸುಬುದಾರರು. ಕೈ ಒಂದೇ, ವಸ್ತು ಒಂದೇ, ಬೇಗಡೆಯ ಹೊಳಪೂ ಒಂದೇ ಆಗಿರುವಾಗ ಈ ಗೆರೆ ಎಷ್ಟು ದುರ್ಬಲ ಎಂಬುದು ಗೊತ್ತಾಗುತ್ತದೆ. ಕಾಂಟ್ ಕೂಡ ಸ್ವತಂತ್ರ ಕಲೆಗಳಲ್ಲೆಲ್ಲ ಒಂದಿಷ್ಟು ಕಡ್ಡಾಯದ ಯಾಂತ್ರಿಕ ಶ್ರಮ ಇದ್ದೇ ಇರಬೇಕೆಂದು ಒಪ್ಪಿಕೊಳ್ಳುತ್ತಾನೆ. ಹವ್ಯಾಸದಲ್ಲಿಯೂ ಬೇಸರದ ಪಾಲು ಇದೆ. ನೂರಾರು ಕನ್ನಡಿ ಚೂರುಗಳಿಗೆ ಅಂಟು ಹಚ್ಚುವುದು ಯಾರಿಗೂ ಆಟವಲ್ಲ.

ಈ ಅನುಮಾನಕ್ಕೆ ಮನಶ್ಶಾಸ್ತ್ರದ ಪ್ರಯೋಗವೊಂದು ಬೆಂಬಲ ಕೊಟ್ಟಂತೆ ಕಂಡಿತು. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬವರು ಶಿಶುವಿಹಾರದ ಮಕ್ಕಳಲ್ಲಿ ಚಿತ್ರ ಬಿಡಿಸುವುದರಲ್ಲಿ ಮೊದಲೇ ಆಸಕ್ತಿ ಇದ್ದವರನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ನಂತರ, ಬಹುಮಾನದ ಕರಾರಿನ ಮೇಲೆ ಚಿತ್ರ ಬಿಡಿಸಿದ್ದ ಮಕ್ಕಳು ತಾವಾಗಿ ಬಣ್ಣದ ಪೆನ್ನು ಹಿಡಿಯುವುದು ಉಳಿದವರಿಗಿಂತ ಗಣನೀಯವಾಗಿ ಕಡಿಮೆಯಾಗಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಆ ಕುಸಿತ ಕಾಣಲಿಲ್ಲ. ಮುಂದೆ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಈ ದಿಕ್ಕಿನ ಸಂಶೋಧನೆಯನ್ನು ಬೆಳೆಸಿ ಒಂದು ವ್ಯತ್ಯಾಸ ತೋರಿಸಿದರು: ಪ್ರತಿಫಲ ತನ್ನನ್ನು ಹಿಡಿದು ಆಡಿಸುತ್ತಿದೆ ಎಂದು ಅನಿಸಿದಾಗ ಆಸಕ್ತಿ ಕುಗ್ಗುತ್ತದೆ, ಕೆಲಸ ಚೆನ್ನಾಗಿದೆ ಎಂಬ ತಿಳಿವಳಿಕೆಯಾಗಿ ಬಂದಾಗ ಹಾಗೆ ಕುಗ್ಗಬೇಕಾಗಿಲ್ಲ.

ಈ ಫಲಿತಾಂಶವನ್ನು ನಡುವಯಸ್ಸಿನ ಕುಶಲಕರ್ಮಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಮೂರು ನಾಲ್ಕು ವರ್ಷದ ಮಗುವಿನ ಆಸಕ್ತಿಗೂ ಇಪ್ಪತ್ತು ವರ್ಷ ಕೈಪಳಗಿದವರ ಆಸಕ್ತಿಗೂ ಅಂತರವಿದೆ. ಅಷ್ಟು ವರ್ಷ ಪಳಗಿದ ಕೈಗೆ ಕೆಲಸದ ಒಳಗಿನ ಅಳತೆ ಗೊತ್ತಿರುತ್ತದೆ. ಎದೆಕಟ್ಟಿನ ಒಳಬಟ್ಟೆ ಸರಿಯಾಗಿದೆಯೇ, ಭುಜಕೀರ್ತಿ ಭುಜಕ್ಕೆ ಕುಳಿತಿದೆಯೇ ಎಂಬುದನ್ನು ಅವರು ನೋಡುವುದು ಹಣದ ಕಣ್ಣಿನಿಂದಲ್ಲ. ಅಪಾಯ ಬರುವುದು ಆ ಒಳಗಿನ ಅಳತೆಯನ್ನು ಬಿಟ್ಟುಕೊಟ್ಟು, ಗಿರಾಕಿಗೆ ಕಾಣದ ಕಡೆ ಅಗ್ಗದ ಅಂಟು, ತೆಳು ಲೈನಿಂಗ್ ಸಾಕು ಎಂದುಕೊಂಡಾಗ. ಕಾರ್ಲ್ ಮಾರ್ಕ್ಸ್ 1844ರ ಹಸ್ತಪ್ರತಿಗಳಲ್ಲಿ ವಿವರಿಸಿದ ಪರಕೀಯತೆಯೂ ಇದಕ್ಕೆ ಹತ್ತಿರದ್ದು. ಅಲ್ಲಿ ದುಡಿಯುವವನು ತಾನು ಮಾಡಿದ ವಸ್ತುವಿನಿಂದಲೂ ಮಾಡುವ ಕ್ರಿಯೆಯಿಂದಲೂ ದೂರವಾಗುತ್ತಾನೆ. ಸ್ವಂತ ಸೂಜಿ, ಸ್ವಂತ ಯಂತ್ರ ಇಟ್ಟುಕೊಂಡು ಮನೆಯ ಜಗಲಿಯಲ್ಲಿ ಕೆಲಸ ಮಾಡುವವರು ಕಾರ್ಖಾನೆಯ ಕೂಲಿಯಷ್ಟು ಪರಕೀಯರಾಗುವುದಿಲ್ಲ. ಆದರೆ ಒಂದೇ ನಮೂನೆಯ ನಲವತ್ತು ನಾಗರಹಾವಿನ ವೇಷಗಳನ್ನು ವಾರದೊಳಗೆ ಮುಗಿಸಬೇಕಾದಾಗ ಆ ದೂರ ಅವರಿಗೂ ಅನುಭವಕ್ಕೆ ಬರುತ್ತದೆ.

ಗೀತೆಯ ಉತ್ತರ ಮತ್ತು ಅದರ ತೊಡಕು

ಭಗವದ್ಗೀತೆಯ ಎರಡನೆಯ ಅಧ್ಯಾಯದ ಪ್ರಸಿದ್ಧ ಬೋಧೆ ಮನುಷ್ಯನ ಅಧಿಕಾರ ಕರ್ಮದಲ್ಲಿದೆ, ಫಲದಲ್ಲಿ ಇಲ್ಲ ಎಂಬುದು. ಇದನ್ನು ಮೇಲುಮೇಲಕ್ಕೆ ಓದಿದರೆ ಹಣ ಕೇಳುವ ಕೆಲಸವೆಲ್ಲ ಕೀಳೆಂಬ ಅರ್ಥ ಬರುತ್ತದೆ. ಗೀತೆ ಹಾಗೆ ಹೇಳುವುದಿಲ್ಲ. ಅರ್ಜುನ ಮಾಡಬೇಕಾದ ಯುದ್ಧಕ್ಕೂ ರಾಜ್ಯವೆಂಬ ಫಲ ಇದೆ. ಅದಕ್ಕೆ ಅಂಟಿಕೊಂಡು ಕರ್ಮದ ಸಮತೋಲ ಕಳೆದುಕೊಳ್ಳಬಾರದು ಎಂಬುದಷ್ಟೇ ಅಲ್ಲಿನ ಷರತ್ತು. ವೇಷದ ಕೆಲಸದಲ್ಲಿ ಫಲತ್ಯಾಗಕ್ಕೆ ತನ್ನದೇ ಆದ ರೂಪವಿದೆ. ಚಪ್ಪಾಳೆ ಬೀಳುವುದು ರಂಗದ ಮೇಲಿರುವವನಿಗೆ. ಕಿರೀಟ ಮಾಡಿದವರ ಹೆಸರು ಪ್ರೇಕ್ಷಕರಿಗೆ ಗೊತ್ತಿರುವುದೂ ಇಲ್ಲ. ತಾನೇ ತೊಟ್ಟು ಮೆಚ್ಚುಗೆ ಪಡೆಯುತ್ತಿದ್ದ ಹವ್ಯಾಸಿ ವೃತ್ತಿಗೆ ಬಂದಾಗ ಆ ಮೆಚ್ಚುಗೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ಈ ದೃಷ್ಟಿಯಲ್ಲಿ ಹಣ ಪಡೆದ ಕೆಲಸವೇ ಹವ್ಯಾಸಕ್ಕಿಂತ ಹೆಚ್ಚು ನಿಷ್ಕಾಮವಾಗಿರಬಹುದು.

ಗೀತೆಯಲ್ಲಿ ನಡುವಯಸ್ಸಿನ ಬದಲಾವಣೆಗೆ ಎದುರಾಗುವ ತೊಡಕು ಸ್ವಧರ್ಮದ್ದು. ಚೆನ್ನಾಗಿ ಮಾಡಿದ ಪರಧರ್ಮಕ್ಕಿಂತ ಕೊರತೆಯುಳ್ಳ ಸ್ವಧರ್ಮವೇ ಮೇಲು ಎಂದು ಮೂರನೆಯ ಅಧ್ಯಾಯದಲ್ಲೂ ಹದಿನೆಂಟನೆಯ ಅಧ್ಯಾಯದಲ್ಲೂ ಹೇಳಿದೆ. ಸಾಂಪ್ರದಾಯಿಕ ವ್ಯಾಖ್ಯಾನದಲ್ಲಿ ಸ್ವಧರ್ಮ ಹುಟ್ಟಿನಿಂದ ಬಂದ ವರ್ಣದ ಕರ್ತವ್ಯ. ಆ ಅರ್ಥದಲ್ಲಿ ಇಪ್ಪತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು ಸೂಜಿ ಹಿಡಿಯುವವರಿಗೆ ಗೀತೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಬ್ಯಾಂಕಿನ ಕೆಲಸವೂ ಹುಟ್ಟಿನಿಂದ ಬಂದದ್ದಲ್ಲ. ಆಧುನಿಕ ಕಾಲದ ಓದುಗಳು ಗೀತೆಯನ್ನು ದಿನದ ಸಂಸಾರದ ಹತ್ತಿರ ತಂದವು. ಕನ್ನಡದಲ್ಲಿ ಡಿ.ವಿ. ಗುಂಡಪ್ಪನವರ ‘ಜೀವನಧರ್ಮಯೋಗ’ ಗೀತೆಯನ್ನು ಗೃಹಸ್ಥರ ನಿತ್ಯಜೀವನದ ಮಾರ್ಗದರ್ಶಿಯಾಗಿ ಓದಿತು. ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸ್ವಧರ್ಮವನ್ನು ಸ್ವಭಾವಕ್ಕೂ ಸನ್ನಿವೇಶಕ್ಕೂ ಹೊಂದುವ ಕರ್ತವ್ಯವೆಂದು ತಿಳಿದರೆ, ಬಹುಕಾಲ ಬದಿಗಿಟ್ಟ ಒಲವನ್ನು ಕೈಗೆತ್ತಿಕೊಳ್ಳುವುದು ಸ್ವಧರ್ಮಕ್ಕೆ ಮರಳುವುದೂ ಆಗಬಹುದು. ಆದರೆ ಈ ಓದು ಸುಲಭವಾಗಿ ಸ್ವಾರ್ಥದ ಸಮರ್ಥನೆಯೂ ಆಗುತ್ತದೆ. ಇಷ್ಟವಾದದ್ದೆಲ್ಲ ಸ್ವಭಾವ, ಸ್ವಭಾವವೆಲ್ಲ ಧರ್ಮ ಎಂದರೆ ಧರ್ಮದ ಮಾತಿಗೆ ತೂಕ ಉಳಿಯುವುದಿಲ್ಲ.

ಗೀತೆಯನ್ನು ಒಳಗೊಂಡ ಮಹಾಭಾರತದಲ್ಲಿಯೇ ಈ ತೊಡಕಿಗೆ ಒಂದು ಕುತೂಹಲದ ನಿದರ್ಶನವಿದೆ. ವಿರಾಟಪರ್ವದಲ್ಲಿ ಪಾಂಡವರು ಅಜ್ಞಾತವಾಸದ ಒಂದು ವರ್ಷ ವೇಷ ಮರೆಸಿ ಮತ್ಸ್ಯ ದೇಶದಲ್ಲಿ ಊಳಿಗ ಹಿಡಿಯುತ್ತಾರೆ. ಆಗ ಪ್ರತಿಯೊಬ್ಬರಿಗೂ ಅನ್ನ ಕೊಡುವುದು ಕ್ಷಾತ್ರವಲ್ಲ, ತಮ್ಮ ತಮ್ಮ ಒಲವಿನ ವಿದ್ಯೆ. ಧರ್ಮರಾಯನಿಗೆ ಪಗಡೆ, ಭೀಮನಿಗೆ ಅಡುಗೆ, ನಕುಲ ಸಹದೇವರಿಗೆ ಕುದುರೆ ಮತ್ತು ಗೋವು. ಅರ್ಜುನ ಇಂದ್ರಲೋಕದಲ್ಲಿ ಚಿತ್ರಸೇನನಿಂದ ಕಲಿತ ಗೀತ ನೃತ್ಯಗಳನ್ನು ಬೃಹನ್ನಳೆಯಾಗಿ ಉತ್ತರೆಗೆ ಕಲಿಸುತ್ತಾನೆ. ಯಾವ ಸಂಕೋಚವೂ ಇಲ್ಲದೆ ಕವಿ ಇದನ್ನು ವಿವರಿಸುತ್ತಾನೆ, ಊಳಿಗದಲ್ಲಿ ಅವರು ತೋರಿದ ನಿಷ್ಠೆಯನ್ನೂ ಮರೆಯುವುದಿಲ್ಲ. ಆದರೆ ಗೋಗ್ರಹಣದ ಹೊತ್ತಿಗೆ ಬೃಹನ್ನಳೆ ಗಾಂಡೀವ ಹಿಡಿಯಲೇಬೇಕಾಗುತ್ತದೆ. ಒಲವಿನ ಕಸುಬಿಗೆ ಕಥೆ ಗೌರವ ಕೊಡುತ್ತದೆ; ಹಿಂದಿನ ಹೊಣೆಯಿಂದ ಅದು ಬಿಡುಗಡೆ ಕೊಡುತ್ತದೆ ಎನ್ನುವುದಿಲ್ಲ.

ಕಾಯಕದ ದೃಷ್ಟಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಇಡೀ ಪ್ರಶ್ನೆಯನ್ನು ಬೇರೆ ನೆಲೆಗೆ ತಂದರು. ಅವರಿಗೆ ದುಡಿಮೆಯೇ ಪೂಜೆಯಾದ್ದರಿಂದ ಕೂಲಿಗಾಗಿ ಮಾಡುವ ಕೆಲಸ, ಪ್ರೀತಿಗಾಗಿ ಮಾಡುವ ಕೆಲಸ ಎಂಬ ಬೇರ್ಪಾಡೇ ಮುಖ್ಯವಾಗಲಿಲ್ಲ. ಶರಣರ ಹೆಸರುಗಳ ಜೊತೆಗೇ ಅವರ ಕಸುಬು ಅಂಟಿಕೊಂಡಿದೆ: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಪ್ರಸ್ತುತ ವಿಷಯಕ್ಕೆ ಇಬ್ಬರು ವಿಶೇಷವಾಗಿ ಹತ್ತಿರದವರು. ಒಬ್ಬ ಸೂಜಿಕಾಯಕದ ರಾಮಿತಂದೆ, ಸೂಜಿ ದಾರಗಳಿಂದ ಬದುಕಿದವನು. ಇನ್ನೊಬ್ಬ ಬಹುರೂಪಿ ಚೌಡಯ್ಯ, ವೇಷ ಹಾಕಿ ಆಡಿ ತೋರಿಸುವುದನ್ನೇ ಕಾಯಕವಾಗಿ ಉಳ್ಳವನು. ಹೊಲಿಯುವವನೂ ವೇಷ ತೊಡುವವನೂ ಇಬ್ಬರೂ ವಚನಕಾರರಾಗಿ, ಅನುಭವದ ಮಾತಿಗೆ ಸಮಾನ ಹಕ್ಕುದಾರರಾಗಿ ನಿಂತದ್ದು ಅರಿಸ್ಟಾಟಲನ ನಗರದಲ್ಲಿ ಊಹಿಸಲೂ ಆಗದ ಸಂಗತಿ.

ಕಾಯಕ ಆಯ್ದುಕೊಳ್ಳುವುದಕ್ಕೆ ಹುಟ್ಟು ಕಡ್ಡಾಯವಾಗಿರಲಿಲ್ಲ ಎಂಬುದಕ್ಕೆ ಮೋಳಿಗೆ ಮಾರಯ್ಯನ ಕಥೆ ಸಾಕ್ಷಿ. ಸಂಪ್ರದಾಯದ ಪ್ರಕಾರ ಅವನು ಕಾಶ್ಮೀರದ ಕಡೆಯ ರಾಜ; ಪತ್ನಿ ಮಹಾದೇವಿಯೊಂದಿಗೆ ಸಿಂಹಾಸನ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿ ಬದುಕಿದ. ಇತಿಹಾಸದ ದಾಖಲೆಯಾಗಿ ಅಲ್ಲದಿದ್ದರೂ ಮೌಲ್ಯದ ದಾಖಲೆಯಾಗಿ ಈ ಕಥೆ ಮುಖ್ಯ. ಬದುಕಿನ ನಡುವೆ ಕಸುಬು ಬದಲಿಸುವುದನ್ನು ಅದು ಪತನವೆಂದು ಕಾಣುವುದಿಲ್ಲ, ಹಾಗೆಯೇ ಅಂತಸ್ತು ಏರುವುದನ್ನು ಬದಲಾವಣೆಯ ಸಾರ್ಥಕ್ಯವೆಂದೂ ಎಣಿಸುವುದಿಲ್ಲ.

ಕಾಯಕಕ್ಕೆ ಎರಡು ಕಟ್ಟುಪಾಡುಗಳಿವೆ. ಮೊದಲನೆಯದು ಅದು ಸತ್ಯಶುದ್ಧವಾಗಿರಬೇಕು. ಎರಡನೆಯದು ಅದರ ಫಲ ದಾಸೋಹಕ್ಕೆ ಸಲ್ಲಬೇಕು, ಅಂದರೆ ತನ್ನ ಅಗತ್ಯ ಕಳೆದು ಉಳಿದದ್ದು ಸಮುದಾಯಕ್ಕೆ ಹೋಗಬೇಕು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಪ್ರಸಂಗ ಈ ಎರಡನ್ನೂ ಒಂದೆಡೆ ತೋರಿಸುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಹೇಳಿದಳು. ಅವಳು ಆಕ್ಷೇಪಿಸಿದ್ದು ಅಕ್ಕಿ ತಂದದ್ದಕ್ಕಲ್ಲ, ಅಳತೆ ಮೀರಿದ್ದಕ್ಕೆ. ಹಾಗಾಗಿ ಕಾಯಕದ ದೃಷ್ಟಿಯಲ್ಲಿ ಕೂಲಿ ಪಡೆಯುವುದು ಕಳಂಕವಲ್ಲ. ತಕ್ಕ ಅಳತೆ ಯಾವುದೆಂದು ತಿಳಿಯದಿರುವುದು ಕಳಂಕ. ವೇಷ ಹೊಲಿಯುವವರ ಪ್ರಶ್ನೆ ಇಲ್ಲಿಗೆ ಬಂದು ಖಚಿತವಾದ ರೂಪ ಪಡೆಯುತ್ತದೆ. ಹಣ ತೆಗೆದುಕೊಳ್ಳಬಹುದೇ ಎಂಬುದು ತೀರ್ಮಾನವಾಗಿದೆ. ಎಷ್ಟು ಎಂಬುದು ಉಳಿದಿದೆ.

ನ್ಯಾಯವಾದ ಬೆಲೆ

ಹೆಚ್ಚು ಬೆಲೆ ಹೇಳುವುದರಲ್ಲಿರುವ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಹವ್ಯಾಸದಿಂದ ಬಂದವರಲ್ಲಿ ಅದಕ್ಕಿಂತ ಸಾಮಾನ್ಯವಾದದ್ದು ಕಡಿಮೆ ಬೆಲೆ ಹೇಳುವ ದೋಷ, ಅದು ಸದ್ಗುಣದಂತೆ ಕಾಣುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರೀತಿಯ ಕೆಲಸ, ಇಷ್ಟು ಕೊಟ್ಟರೆ ಸಾಕು ಎಂದು ಬಟ್ಟೆ, ಜರಿ, ಬೇಗಡೆಯ ಖರ್ಚಿಗಷ್ಟೇ ಬೆಲೆ ಕಟ್ಟಿ ತಮ್ಮ ಮಜೂರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಬಹಳ. ಪಿಂಚಣಿಯೋ ಉಳಿತಾಯವೋ ಬೆನ್ನಿಗಿದ್ದಾಗ ಹೀಗೆ ಮಾಡುವುದು ಸುಲಭ. ಆದರೆ ಅದೇ ಪೇಟೆಯಲ್ಲಿ ಆ ಮಜೂರಿಯಿಂದಲೇ ಒಲೆ ಹೊತ್ತಿಸುವ ದರ್ಜಿಗಳೂ ಮೇಳಗಳಿಗೆ ತಲೆಮಾರುಗಳಿಂದ ಸಾಮಗ್ರಿ ಮಾಡಿಕೊಡುವ ಕುಟುಂಬಗಳೂ ಇವೆ. ಬಲವಿದ್ದವರ ಔದಾರ್ಯ ಬಲವಿಲ್ಲದವರ ಕೂಲಿಯನ್ನು ಇಳಿಸುತ್ತದೆ. ಗಿರಾಕಿಯ ಮುಂದೆ ಉದಾರವಾಗಿ ಕಾಣುವ ಕೆಲಸಗಾರ ಪಕ್ಕದ ಅಂಗಡಿಯವನಿಗೆ ಅನ್ಯಾಯ ಮಾಡಿರುತ್ತಾನೆ. ಲಕ್ಕಮ್ಮನ ಅಳತೆ ಎರಡೂ ಕಡೆ ಕೆಲಸ ಮಾಡುತ್ತದೆ: ಮೀರಬಾರದು, ಕುಗ್ಗಬಾರದು.

ತಕ್ಕ ಬೆಲೆಯಲ್ಲಿ ಸಾಮಗ್ರಿಯ ಖರ್ಚು, ತೊಡಗಿದ ಹೊತ್ತಿಗೆ ಆ ಊರಿನ ಕುಶಲ ಕೆಲಸಗಾರನ ದಿನಗೂಲಿಗೆ ಸಮನಾದ ಮಜೂರಿ, ಯಂತ್ರ ಮತ್ತು ಜಾಗದ ಸವಕಳಿ, ಕೆಲಸವಿಲ್ಲದ ತಿಂಗಳುಗಳ ಪಾಲು ಇವೆಲ್ಲ ಸೇರಬೇಕು. ಬಾಡಿಗೆಯ ವ್ಯವಹಾರದಲ್ಲಿ ಒಂದೇ ವೇಷ ಅನೇಕ ಮೈಗಳಿಗೆ ಹೋಗುವುದರಿಂದ ಒಗೆತ, ರಿಪೇರಿ, ಮುಂಗಡ ಠೇವಣಿಯ ಲೆಕ್ಕ ಬೇರೆ. ಇದನ್ನೆಲ್ಲ ಲೆಕ್ಕ ಹಾಕಿ ಗಿರಾಕಿಗೆ ಬಿಡಿಸಿ ಹೇಳುವುದೂ ಸತ್ಯಶುದ್ಧತೆಯ ಭಾಗ. ಔದಾರ್ಯ ತೋರಬೇಕೆನಿಸಿದರೆ ಅದಕ್ಕೆ ದಾಸೋಹದ ದಾರಿ ಇದೆ. ಬೆಲೆಯನ್ನು ಬೆಲೆಯಾಗಿಯೇ ಪಡೆದು, ಉಳಿದದ್ದನ್ನು ಬಡ ಶಾಲೆಯ ಮಕ್ಕಳಿಗೆ ಉಚಿತವಾಗಿ ವೇಷ ಕೊಡುವುದಕ್ಕೋ ಹೊಸಬರಿಗೆ ಕೆಲಸ ಕಲಿಸುವುದಕ್ಕೋ ಬಳಸಬಹುದು. ಉಡುಪಿಯಲ್ಲಿ ಅಷ್ಟಮಿಯ ಸಂದರ್ಭದಲ್ಲಿ ವೇಷ ಹಾಕಿ ಸಂಗ್ರಹಿಸಿದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುವವರಿದ್ದಾರೆ. ಅಲ್ಲಿ ವೇಷದ ಕೂಲಿಯೂ ದಾನವೂ ತಮ್ಮ ತಮ್ಮ ಹೆಸರಿನಲ್ಲಿಯೇ ಇರುತ್ತವೆ.

ಮಾರಬಾರದ ವೇಷ

ಎಲ್ಲ ವೇಷಕ್ಕೂ ಬೆಲೆ ಕಟ್ಟಬಹುದೇ ಎಂಬುದು ಧಾರ್ಮಿಕ ನೆಲೆಯ ಪ್ರಶ್ನೆ. ಯಕ್ಷಗಾನದಲ್ಲಿ ಕಲೆ ಮತ್ತು ಆರಾಧನೆಯ ಗಡಿ ತೆಳುವಾದದ್ದು. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಭಕ್ತರ ಹರಕೆಯಾಟ ಆಡುತ್ತವೆ. ಆಟಕ್ಕೆ ಮೊದಲು ಚೌಕಿಯಲ್ಲಿ ಗಣಪತಿಯ ಪೂಜೆ ನಡೆಯುತ್ತದೆ. ನವರಾತ್ರಿಯ ದಿನಗಳಲ್ಲಿ ಕರಾವಳಿಯಲ್ಲಿ ಹರಕೆ ಹೊತ್ತವರು ವೇಷ ಧರಿಸಿ ಮನೆಮನೆಗೆ ಹೋಗುವುದುಂಟು. ಇವರಿಗೆ ವೇಷ ಒದಗಿಸಿ ಹಣ ಪಡೆಯುವುದನ್ನು ಯಾವ ಸಂಪ್ರದಾಯವೂ ತಪ್ಪೆಂದಿಲ್ಲ. ದೇವಸ್ಥಾನಕ್ಕೆ ಹೂ ಕಟ್ಟುವವರೂ ದೀಪದ ಎಣ್ಣೆ ಮಾರುವವರೂ ಕೂಲಿ ಪಡೆಯುತ್ತಾರೆ. ಹರಕೆ ಹೊತ್ತವನದು, ಕೆಲಸ ಮಾಡಿದವರದು.

ತುಳುನಾಡಿನ ದೈವಾರಾಧನೆಯ ನಿಯಮ ಇದಕ್ಕಿಂತ ಬೇರೆ. ನಲಿಕೆ, ಪಂಬದ, ಪರವ ಸಮುದಾಯದವರು ಕಟ್ಟುವ ಅಣಿ ಎಂಬ ಪ್ರಭಾವಳಿ, ತೆಂಗಿನ ತಿರಿಯ ಉಡುಗೆ, ಮುಖವರ್ಣಿಕೆ ಇವೆಲ್ಲ ಆ ಸಮುದಾಯಗಳ ಹಕ್ಕಿಗೂ ನೇಮದ ಕಟ್ಟಳೆಗೂ ಸೇರಿದ್ದು. 2022ರಲ್ಲಿ ‘ಕಾಂತಾರ’ ಚಿತ್ರ ಜನಪ್ರಿಯವಾದ ಮೇಲೆ ದೈವದ ವೇಷವನ್ನು ಛದ್ಮವೇಷ ಸ್ಪರ್ಧೆಗಳಲ್ಲೂ ವೇದಿಕೆಗಳಲ್ಲೂ ಅನುಕರಿಸುವುದು ಹೆಚ್ಚಿತು, ಅದಕ್ಕೆ ಕರಾವಳಿಯಲ್ಲಿ ಬಲವಾದ ಆಕ್ಷೇಪವೂ ಬಂತು. ಆ ಅನುಕರಣೆಯ ವೇಷವನ್ನು ಹೊಲಿದುಕೊಡಲು ಬೇಡಿಕೆ ಇದ್ದೇ ಇರುತ್ತದೆ. ಹವ್ಯಾಸಿಗೆ ಇಂಥದನ್ನು ಬೇಡವೆನ್ನುವುದು ಸುಲಭ, ಅವರು ಮಾಡದಿದ್ದರೆ ಅವರಿಗೆ ನಷ್ಟವಿಲ್ಲ. ತಿಂಗಳ ಖರ್ಚು ಆರ್ಡರ್ ಮೇಲೆ ನಿಂತವರಿಗೆ ಅದೇ ನಿರಾಕರಣೆ ದುಬಾರಿ. ಹಣ ಕೆಲಸವನ್ನು ಬದಲಿಸುವ ನಿಜವಾದ ಜಾಗ ಇದು. ಅದು ಬೇಡವೆನ್ನುವ ಶಕ್ತಿಗೆ ಬೆಲೆ ಹಚ್ಚುತ್ತದೆ. ಆದ್ದರಿಂದ ವೃತ್ತಿಗೆ ಇಳಿಯುವ ಮೊದಲೇ ಯಾವ ವೇಷ ಮಾಡುವುದಿಲ್ಲ ಎಂಬುದನ್ನು ನಿಶ್ಚಯಿಸಿಕೊಳ್ಳುವುದು, ಕೆಲವು ತಿಂಗಳ ಸಂಸಾರಕ್ಕೆ ಆಗುವಷ್ಟು ಹಣ ಬದಿಗಿಡುವುದು ವ್ಯವಹಾರದ ಜಾಣ್ಮೆಯಷ್ಟೇ ಅಲ್ಲ, ನೈತಿಕ ಸಿದ್ಧತೆಯೂ ಹೌದು.

ನಡುವಯಸ್ಸು

ಧರ್ಮಶಾಸ್ತ್ರದ ಆಶ್ರಮಕ್ರಮದಲ್ಲಿ ನಡುವಯಸ್ಸಿಗೆ ಪ್ರತ್ಯೇಕ ಹೆಸರಿಲ್ಲ. ಗೃಹಸ್ಥ ತನ್ನ ಮೈಯಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ ಮಗನ ಮಗನನ್ನೂ ಕಂಡಾಗ ಕಾಡಿಗೆ ಹೋಗಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಅದು ಗಳಿಕೆಯಿಂದ ಹಿಂದೆ ಸರಿಯುವ ಕಾಲ, ಹೊಸ ಗಳಿಕೆಯ ಕಾಲವಲ್ಲ. ಕಾಯಕದ ಮತದಲ್ಲಿ ಇಂಥ ಹಿಂಜರಿತಕ್ಕೆ ಜಾಗವಿಲ್ಲ. ಅಲ್ಲಿ ವಯಸ್ಸು ಮೀರಿದವರೂ ಕಾಯಕದವರೇ. ಆಧುನಿಕ ಮನಶ್ಶಾಸ್ತ್ರದಲ್ಲಿ ಕಾರ್ಲ್ ಯೂಂಗ್ 1930ರ ಸುಮಾರಿಗೆ ಬರೆದ ಜೀವನದ ಹಂತಗಳ ಕುರಿತ ಪ್ರಬಂಧದಲ್ಲಿ, ಬದುಕಿನ ಪೂರ್ವಾರ್ಧದ ಗುರಿಗಳು ಉತ್ತರಾರ್ಧಕ್ಕೆ ಸಾಲುವುದಿಲ್ಲ ಎಂದು ವಾದಿಸಿದ. ನಡುವಯಸ್ಸಿನ ಬಿಕ್ಕಟ್ಟು ಎಂಬ ಮಾತನ್ನು ಎಲಿಯಟ್ ಜಾಕ್ವೆಸ್ 1965ರ ಲೇಖನವೊಂದರಿಂದ ಪ್ರಚಾರಕ್ಕೆ ತಂದ. ಕಲಾವಿದರ ಬದುಕನ್ನು ಪರಿಶೀಲಿಸಿದ ಅವನು, ತನ್ನ ಸಾವು ಖಚಿತವೆಂಬ ಅರಿವು ಈ ವಯಸ್ಸಿನಲ್ಲಿ ಸೃಜನಶೀಲತೆಯ ದಿಕ್ಕನ್ನೇ ಬದಲಿಸುತ್ತದೆ ಎಂದ.

ತತ್ತ್ವಶಾಸ್ತ್ರಜ್ಞ ಕೀರನ್ ಸೆತಿಯಾ 2017ರ ತನ್ನ ಪುಸ್ತಕದಲ್ಲಿ ಇನ್ನೊಂದು ಮುಖ ತೋರಿಸುತ್ತಾನೆ. ಕೆಲವು ಚಟುವಟಿಕೆಗಳಿಗೆ ಮುಗಿಯುವ ತುದಿ ಇದೆ. ಮುಗಿದೊಡನೆ ಅವು ಬದುಕಿನಿಂದ ಹೊರಟುಹೋಗುತ್ತವೆ. ಇನ್ನು ಕೆಲವಕ್ಕೆ ಅಂಥ ತುದಿಯಿಲ್ಲ, ಮಾಡುತ್ತಿರುವುದರಲ್ಲಿಯೇ ಅವು ಪೂರ್ಣ. ಗುರಿಗಳನ್ನು ಒಂದೊಂದಾಗಿ ಮುಗಿಸುತ್ತ ಬಂದವರಿಗೆ ನಡುವಯಸ್ಸಿನಲ್ಲಿ ಬರಿದೆನಿಸುವುದು ಇದರಿಂದಲೇ. ಸಂಜೆ ಕುಳಿತು ಹೊಲಿಯುವ ಹವ್ಯಾಸ ತುದಿಯಿಲ್ಲದ ಬಗೆಯದು. ಶುಕ್ರವಾರದೊಳಗೆ ಕೊಡಬೇಕಾದ ಆರ್ಡರ್ ತುದಿಯುಳ್ಳದ್ದು. ಆದ್ದರಿಂದ ಬರಿದನ್ನು ತುಂಬಲು ಹವ್ಯಾಸವನ್ನು ವೃತ್ತಿ ಮಾಡಿಕೊಂಡವರು ತುಂಬುವ ಸಾಧನವನ್ನೇ ಕಳೆದುಕೊಳ್ಳುವ ಸಂಭವವಿದೆ. ಸೆತಿಯಾ ಸೂಚಿಸುವ ಪರಿಹಾರ ಕೆಲಸ ಬಿಡುವುದಲ್ಲ, ಅದೇ ಕೆಲಸದ ತುದಿಯಿಲ್ಲದ ಮುಖಕ್ಕೆ ಗಮನ ಕೊಡುವುದು. ಆರ್ಡರ್ ಶುಕ್ರವಾರ ಮುಗಿದರೂ ಬಟ್ಟೆಯ ಗುಣ ಅರಿಯುವುದು, ಮೈಯ ಚಲನೆ ಓದುವುದು, ಕೈಯ ಹದ ಕಾಯುವುದು ಮುಗಿಯುವುದಿಲ್ಲ.

ವಯಸ್ಸಿನೊಂದಿಗೆ ಬರುವ ಹೊಣೆಗಳೂ ವಿಚಾರದ ಭಾಗ. ಮಕ್ಕಳ ಓದು, ಹೆತ್ತವರ ಔಷಧ, ಮನೆಯ ಸಾಲ ಇವು ನಡುವಯಸ್ಸಿನ ಗೃಹಸ್ಥನ ಹೆಗಲಲ್ಲಿ ಒಟ್ಟಿಗೆ ಬೀಳುತ್ತವೆ. ಸಂಗಾತಿಯ ಸಂಬಳದ ಮೇಲೆ ಭಾರ ಹಾಕಿ ಮಾಡಿದ ನಿರ್ಧಾರ ಒಬ್ಬರ ಆತ್ಮತೃಪ್ತಿಗೆ ಇನ್ನೊಬ್ಬರಿಂದ ತೆರಿಗೆ ಪಡೆದಂತೆ. ಅವರ ಒಪ್ಪಿಗೆಯಿಲ್ಲದೆ ಅದಕ್ಕೆ ನ್ಯಾಯವಿಲ್ಲ. ಮೋಳಿಗೆ ಮಾರಯ್ಯನ ಕಥೆಯ ಬಲವೂ ಮಹಾದೇವಿ ಜೊತೆಗೆ ಹೊರಟದ್ದರಲ್ಲಿದೆ. ಎಷ್ಟೋ ಮನೆಗಳಲ್ಲಿ ಪ್ರಶ್ನೆ ತಿರುಗುಮುರುಗಾಗಿಯೂ ಇರುತ್ತದೆ. ಹೆಂಗಸರು ಮನೆಗೂ ನೆಂಟರಿಗೂ ಪುಕ್ಕಟೆಯಾಗಿ ಹೊಲಿದುಕೊಡುತ್ತಿದ್ದುದನ್ನು ಎಲ್ಲರೂ ಹವ್ಯಾಸವೆಂದೇ ಕರೆದಿರುತ್ತಾರೆ. ಅದು ಮೊದಲಿನಿಂದಲೂ ಕೂಲಿಯಿಲ್ಲದ ದುಡಿಮೆಯೇ ಆಗಿತ್ತು. ಅವರು ನಲವತ್ತೈದರಲ್ಲಿ ಬೆಲೆ ಹೇಳಿದರೆ ಅಲ್ಲಿ ಪ್ರೀತಿ ಮಾರಾಟಕ್ಕೆ ಬಂದಿಲ್ಲ, ಬಾಕಿ ಇದ್ದ ನ್ಯಾಯ ತಡವಾಗಿ ಸಂದಿದೆ.

ತೀರ್ಮಾನ

ಮೂರು ಪರಂಪರೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಹಣದ ಕುರಿತ ಆತಂಕ ತನ್ನ ಸರಿಯಾದ ಗಾತ್ರಕ್ಕೆ ಇಳಿಯುತ್ತದೆ. ಹವ್ಯಾಸ ವೃತ್ತಿಯಾದಾಗ ಮೊದಲು ಬದಲಾಗುವುದು ಕೆಲಸ ಯಾರಿಗೆ ಉತ್ತರ ಕೊಡಬೇಕು ಎಂಬುದು. ಮೊದಲು ಅದು ಮಾಡುವವರ ಮನಸ್ಸಿಗಷ್ಟೇ ಉತ್ತರ ಕೊಡುತ್ತಿತ್ತು. ಈಗ ತೊಡುವವರ ಮೈಗೆ, ಅದೇ ಕಸುಬಿನ ಉಳಿದವರ ಕೂಲಿಗೆ, ವೇಷ ಸೇರಿದ ಸಂಪ್ರದಾಯಕ್ಕೆ, ಮನೆಯವರಿಗೆ ಕೂಡ ಉತ್ತರಿಸಬೇಕಾಗುತ್ತದೆ. ಅರಿಸ್ಟಾಟಲ್ ಇದನ್ನು ಸ್ವಾತಂತ್ರ್ಯದ ನಷ್ಟವೆಂದು ಕಂಡ, ಶರಣರು ಪೂಜೆಯ ವಿಸ್ತಾರವೆಂದು ಕಂಡರು. ವೇಷದ ಕೆಲಸದ ಮಟ್ಟಿಗೆ ಶರಣರ ನೋಟವೇ ವಸ್ತುವಿಗೆ ಹೆಚ್ಚು ಹೊಂದುತ್ತದೆ, ಏಕೆಂದರೆ ಇನ್ನೊಬ್ಬರ ಮೈ ಸೇರದೆ ವೇಷ ಪೂರ್ಣವಾಗುವುದೇ ಇಲ್ಲ. ಕಾಣದ ಕಡೆಯೂ ಹೊಲಿಗೆ ಗಟ್ಟಿಯಾಗಿದ್ದು, ಬೆಲೆ ಅಳತೆ ಮೀರದೆ ಕುಗ್ಗದೆ ಇದ್ದು, ಮಾಡಬಾರದ್ದನ್ನು ಬೇಡವೆನ್ನುವ ಶಕ್ತಿ ಉಳಿದು, ಮನೆಯವರ ಒಪ್ಪಿಗೆಯೂ ಇದ್ದರೆ, ನಡುವಯಸ್ಸಿನಲ್ಲಿ ಸೂಜಿಯಿಂದ ಅನ್ನ ಗಳಿಸುವ ನಿರ್ಧಾರಕ್ಕೆ ಧರ್ಮದ ಕಡೆಯಿಂದ ಅಡ್ಡಿಯಿಲ್ಲ. ಇವುಗಳಲ್ಲಿ ಯಾವುದು ತಪ್ಪಿದರೂ, ಪುಕ್ಕಟೆಯಾಗಿ ಮಾಡಿದ ಮಾತ್ರಕ್ಕೆ ಆ ಕೆಲಸ ಶುದ್ಧವಾಗುವುದಿಲ್ಲ.